ಬೀಗದವನ ಹೆಸರಲ್ಲಿ ಬಂದ ಮಾತು

ಚಿಲಕಣ್ಣನ ಅಂಗಡಿಯನ್ನು ಅಂಗಡಿ ಎನ್ನುವುದು ಸ್ವಲ್ಪ ಧಾರಾಳದ ಮಾತು. ಪೇಂಟಿನ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ, ಕಟ್ಟಡ ಕಟ್ಟಿದವರು ಮರೆತು ಬಿಟ್ಟುಹೋದ ಒಂದು ಸಂದು ಅದು. ಒಳಗೆ ಅವನೊಬ್ಬ ಕೂತರೆ ಬಂದವರು ರಸ್ತೆಯಲ್ಲೇ ನಿಂತು ಮಾತಾಡಬೇಕು. ಗೋಡೆಯ ತುಂಬ ಮೊಳೆ, ಮೊಳೆಗಳ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಗಳು, ಮೇಜಿನ ಮೇಲೆ ಕೀಲಿ ಕೊರೆಯುವ ಯಂತ್ರ, ಅದರ ಸುತ್ತ ಹಿತ್ತಾಳೆಯ ಪುಡಿ. ಆ ಪುಡಿ ಅವನ ಹುಬ್ಬಿನ ಮೇಲೂ ಕೂತಿರುತ್ತದೆ. ಸಂಜೆ ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, ಟವೆಲಿನಿಂದ ಝಾಡಿಸಿ, ಆಮೇಲೆ ಒಳಗೆ ಬಿಡುತ್ತಾಳೆ. ಇಷ್ಟು ವರ್ಷ ಇದೇ ಕೆಲಸವನ್ನು ಬಂಗಾರದಲ್ಲಿ ಮಾಡಿದ್ದರೆ ಝಾಡಿಸಿದ ಪುಡಿಯಲ್ಲೇ ಮನೆಗೊಂದು ಮಹಡಿ ಏಳುತ್ತಿತ್ತು ಎಂದು ಗೊಣಗುತ್ತಾಳೆ.

ಅವನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಚಿಲಕ ಎಂದರೆ ಚಿಲಕ, ಚಿಕ್ಕವರಿಗೆ ಚಿಲಕಣ್ಣ. ಮನುಷ್ಯ ಸ್ವಲ್ಪ ಬಿಗಿ, ಆದರೆ ಕೆಲಸದಲ್ಲಿ ಕಟ್ಟುನಿಟ್ಟು. ಕೀಲಿ ಕಳೆದುಹೋಗಿದೆ, ಬಾಗಿಲು ತೆಗೆದುಕೊಡಿ ಎಂದು ಯಾರೇ ಕರೆಯಲಿ, ಮನೆ ನಿಮ್ಮದೇ ಎಂದು ಹೇಳುವವರು ಯಾರಿದ್ದಾರೆ ಎಂದು ಕೇಳುತ್ತಾನೆ. ಗುರುತಿನ ಚೀಟಿ ತೋರಿಸಿದರೂ ಸಾಲದು, ಪಕ್ಕದ ಮನೆಯವರೊಬ್ಬರು ಹೊರಗೆ ಬಂದು ಹೌದು ಎನ್ನಬೇಕು. ಒಮ್ಮೆ ಒಬ್ಬ ಮುದುಕರು ತಮ್ಮ ಮನೆಯ ಮುಂದೆ ತಾವೇ ನಿಂತು ವಾಚಾಮಗೋಚರವಾಗಿ ಬೈದರೂ ಚಿಲಕಣ್ಣ ಜಗ್ಗಲಿಲ್ಲ. ಪಕ್ಕದ ಮನೆಯವರು ಮಾರ್ಕೆಟ್ಟಿನಿಂದ ಬರುವ ತನಕ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಮುಖ ತಿರುಗಿಸಿಕೊಂಡು ಕೂತಿದ್ದರು.

ಇಷ್ಟು ಬಿಗಿಯಾದ ಮನುಷ್ಯನೇ, ಯಾರೋ ಹೊರಗೆ ಸಿಕ್ಕಿಹಾಕಿಕೊಂಡಿದ್ದಾರೆ ಎಂಬ ಮಾತು ಕಿವಿಗೆ ಬಿದ್ದರೆ ಊಟದ ತಟ್ಟೆ ಬಿಟ್ಟು ಎದ್ದು ಬರುತ್ತಾನೆ. ತಮ್ಮದೇ ಬಾಗಿಲ ಮುಂದೆ ಬರಿಗಾಲಲ್ಲಿ ನಿಂತವರ ಮುಖ ಅವನಿಗೆ ನೋಡಲಾಗುವುದಿಲ್ಲ. ಅವನಿಗೆ ಟೋಪಿ ಬಿದ್ದದ್ದೂ ಈ ಒಂದು ಗುಣದಿಂದಲೇ.

ಟೋಪಿ ಬಿದ್ದದ್ದು ಅಂಗಡಿಯಲ್ಲಲ್ಲ, ಮೊಬೈಲಿನ ಆಟದಲ್ಲಿ. ಆ ವಯಸ್ಸಿಗೆ ಆಟವೇ ಎಂದು ನಗುವವರು ನಗಲಿ. ಅದೊಂದು ದ್ವೀಪದ ಆಟ. ಎಲ್ಲೆಲ್ಲಿಯೋ ಕೂತ ಜನ ಒಂದೇ ದ್ವೀಪದಲ್ಲಿ ಮರ ಕಡಿಯುತ್ತಾರೆ, ಹಲಗೆ ಕೊಯ್ಯುತ್ತಾರೆ, ಮನೆ ಕಟ್ಟುತ್ತಾರೆ, ದೋಣಿ ಬಿಡುತ್ತಾರೆ, ಬೇಕಾದಾಗ ಒಬ್ಬರಿಗೊಬ್ಬರು ಎರಡು ಸಾಲು ಬರೆದು ಮಾತಾಡುತ್ತಾರೆ. ಚಿಲಕಣ್ಣ ಅಲ್ಲೂ ಚಿಲಕನೇ. ಅವನ ಮನೆಯ ಪಕ್ಕದಲ್ಲಿ ಕ್ಯಾಪ್ಟನ್ ಎಂಬುವವನ ಮನೆ. ಯಾರು, ಎಲ್ಲಿಯವನು, ಹೊಟ್ಟೆಪಾಡಿಗೆ ಏನು ಮಾಡುತ್ತಾನೆ ಎಂಬುದು ಗೊತ್ತಿಲ್ಲ. ಆದರೆ ಬಹಳ ಕಾಲದ ಪಕ್ಕದ ಮನೆಯವನು, ಕೇಳಿದಾಗ ಗರಗಸ ಕೊಟ್ಟವನು.

ಆ ದಿನ ಬೆಳಗ್ಗೆ ಒಬ್ಬ ಹೆಂಗಸು ಬೀರುವಿನ ಕೀಲಿಗೆ ಡೂಪ್ಲಿಕೇಟ್ ಮಾಡಿಸಲು ಅವಸರದಲ್ಲಿ ನಿಂತಿದ್ದಳು. ಯಂತ್ರ ಕಿರ್ರೆನ್ನುತ್ತಿರುವಾಗಲೇ ಮೊಬೈಲಿನಲ್ಲಿ ಕ್ಯಾಪ್ಟನ್ನನ ಮಾತು ಮೂಡಿತು. ತನ್ನ ಖಾತೆಗೆ ಬೀಗ ಬಿದ್ದುಬಿಟ್ಟಿದೆ, ತಾನು ಹೊರಗೆ ಸಿಕ್ಕಿಹಾಕಿಕೊಂಡಿದ್ದೇನೆ, ಪಕ್ಕದ ಮನೆಯವರೊಬ್ಬರು ಹೌದು ಎಂದರೆ ಆಟದವರು ಒಳಗೆ ಬಿಡುತ್ತಾರಂತೆ. ಚಿಲಕಣ್ಣನ ಮೊಬೈಲಿಗೆ ಈಗ ಒಂದು ನಂಬರು ಬರುತ್ತದೆ, ಅದನ್ನು ಕಳಿಸಿದರೆ ಅಷ್ಟೇ ಸಾಕು.

ಕಳ್ಳ ಕಲ್ಲು ಎಸೆದದ್ದು ಕತ್ತಲಲ್ಲಿ, ಬಿದ್ದದ್ದು ಮಾತ್ರ ಸರಿಯಾದ ಜಾಗದಲ್ಲಿ. ಹೊರಗೆ ಸಿಕ್ಕಿಹಾಕಿಕೊಂಡವರು, ಪಕ್ಕದ ಮನೆಯವರ ಸಾಕ್ಷಿ. ತನ್ನ ಜನ್ಮದ ನಿಯಮವನ್ನೇ ಆಟದವರೂ ಇಟ್ಟುಕೊಂಡಿದ್ದಾರಲ್ಲ ಎಂದು ಚಿಲಕಣ್ಣನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಒಳಗೆ ಹೋಗಲಾಗದವನು ಒಳಗಿನಿಂದಲೇ ಹೇಗೆ ಮಾತಾಡುತ್ತಿದ್ದಾನೆ ಎಂಬ ಪ್ರಶ್ನೆ ಹೊಳೆದದ್ದು ಆಮೇಲೆ. ನಂಬರು ಬಂತು. ಅದರ ಕೆಳಗೆ, ಇದನ್ನು ಯಾರಿಗೂ ಹೇಳಬೇಡಿ ಎಂದು ಬರೆದಿತ್ತು. ಬೀರುವಿನ ಹೆಂಗಸು ಆಯ್ತಾ ಆಯ್ತಾ ಎಂದು ಜೀವ ತಿನ್ನುತ್ತಿದ್ದಳು. ಕೆಳಗಿನ ಸಾಲು ಓದದೆ ಅವನು ನಂಬರನ್ನು ಕಳಿಸಿ, ಕೀಲಿಯ ಅಂಚನ್ನು ಅರದಿಂದ ಉಜ್ಜಿ ಅವಳ ಕೈಗೆ ಕೊಟ್ಟ.

ಮತ್ತೆ ಮೊಬೈಲು ನೋಡುವಷ್ಟರಲ್ಲಿ ದ್ವೀಪ ಇರಲಿಲ್ಲ. ಹೆಸರು ಹಾಕಿ, ಗುಟ್ಟಿನ ಪದ ಹಾಕಿ ಎಂಬ ಬಿಳಿ ಪರದೆ ಇತ್ತು. ಗುಟ್ಟಿನ ಪದ ಹಾಕಿದ, ತಪ್ಪು ಎಂದಿತು. ಬೆರಳು ಒರೆಸಿಕೊಂಡು ನಿಧಾನವಾಗಿ ಹಾಕಿದ, ಮತ್ತೂ ತಪ್ಪು ಎಂದಿತು. ಕ್ಯಾಪ್ಟನ್ನನ ಬಾಯಿಂದ ಮಾತಾಡಿದವನು ಕ್ಯಾಪ್ಟನ್ ಅಲ್ಲ ಎಂಬುದು ಆಗ ಅವನಿಗೆ ತಿಳಿಯಿತು. ತಾನು ಕಳಿಸಿದ್ದು ಕ್ಯಾಪ್ಟನ್ನನ ಕೀಲಿಯಲ್ಲ, ತನ್ನದೇ. ಊರವರ ಬಾಗಿಲನ್ನೆಲ್ಲ ತೆಗೆದುಕೊಟ್ಟವನು ಬೆಪ್ಪನಂತೆ ಸ್ಟೂಲಿನ ಮೇಲೆ ಕೂತ.

ಹೋದದ್ದು ಹಲಗೆ, ದೋಣಿ, ಕಟ್ಟಿದ ಮನೆ ಅಷ್ಟೇ ಆಗಿದ್ದರೆ ಅವನು ಒಂದು ಲೋಟ ಟೀ ಕುಡಿದು, ಆಟಕ್ಕೊಂದು ಬೈಗುಳ ಹಾಕಿ ಮರೆಯುತ್ತಿದ್ದ. ಅವನ ಜೀವ ಹೋದದ್ದು ಗುಂಗುರುವಿಗಾಗಿ. ಗುಂಗುರು ಎಂದರೆ ಅವನ ಮಗಳು. ಚಿಕ್ಕಂದಿನಿಂದ ಸುರುಳಿ ಸುರುಳಿ ಕೂದಲು, ಅದಕ್ಕೇ ಮನೆಯಲ್ಲಿ ಆ ಹೆಸರು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಹೊತ್ತು ಹೋಗಲಿ ಎಂದು ಆ ಆಟವನ್ನು ಅವನ ಮೊಬೈಲಿಗೆ ಹಾಕಿಕೊಟ್ಟವಳು ಅವಳೇ. ಈಗ ಅಪ್ಪ ಮಗಳ ನಡುವೆ ಮಾತು ಉಳಿದಿರುವುದು ಆ ದ್ವೀಪದಲ್ಲಿ ಮಾತ್ರ.

ಆದದ್ದು ಇಷ್ಟು. ಮಗಳಿಗೆ ಮದುವೆಯಾಗಿ, ಸಂಸಾರ ಹಳಸಲು ಶುರುವಾದ ಹೊತ್ತಿನಲ್ಲಿ, ಒಂದು ದಿನ ಅಳಿಯ ಫೋನ್ ಮಾಡಿದ. ಮಾವ, ಮುಂಬಾಗಿಲ ಬೀಗ ಕಚ್ಚಿಕೊಳ್ಳುತ್ತಿದೆ, ಹೊಸದು ಹಾಕಿಕೊಡಿ ಎಂದ. ಅವಳು ಕೆಲಸಕ್ಕೆ ಹೋಗಿದ್ದಳು. ಚಿಲಕಣ್ಣ ಒಳ್ಳೆಯ ಬೀಗವನ್ನೇ ಆರಿಸಿ, ಮಗಳ ಮನೆಯಲ್ಲವೇ ಎಂದು ಎರಡೆರಡು ಸಲ ಪರೀಕ್ಷೆ ಮಾಡಿ ಹಾಕಿದ, ಕೀಲಿಗಳ ಗೊಂಚಲನ್ನು ಅಳಿಯನ ಕೈಗಿಟ್ಟು ಬಂದ. ಸಂಜೆ ಕೆಲಸ ಮುಗಿಸಿ ಬಂದ ಮಗಳ ಕೀಲಿ ಆ ಬೀಗದಲ್ಲಿ ತಿರುಗಲಿಲ್ಲ. ಒಳಗಿದ್ದ ಗಂಡ ಬಾಗಿಲು ತೆಗೆಯಲಿಲ್ಲ. ಅಕ್ಕಪಕ್ಕದವರೆಲ್ಲ ನೋಡುತ್ತಿರುವಂತೆ ಅವಳು ಊಟದ ಡಬ್ಬಿ ಹಿಡಿದುಕೊಂಡು ಬೀದಿಯಲ್ಲಿ ನಿಂತಳು. ಬೀಗದ ಮೇಲೆ ಅಪ್ಪ ಯಾವಾಗಲೂ ಅಂಟಿಸುವ ಅಂಗಡಿಯ ಚೀಟಿ ಹೊಸದಾಗಿ ಹೊಳೆಯುತ್ತಿತ್ತು.

ಅವಳು ನೇರ ತವರಿಗೆ ಬಂದಳು. ಅಪ್ಪ ಏನಾದರೂ ಹೇಳುತ್ತಾನೆಂದು ಕಾದಳು. ಮನೆಯ ಯಜಮಾನ ಕರೆದ, ನಾನು ನನ್ನ ಕೆಲಸ ಮಾಡಿದೆ ಎಂದ ಚಿಲಕಣ್ಣ. ಅವನಿಗೆ ಒಳಸಂಚು ಗೊತ್ತಿರಲಿಲ್ಲ, ಅದು ನಿಜ. ಆದರೆ ಗೊತ್ತಾದ ಮೇಲೂ, ಗಂಡಹೆಂಡಿರ ಜಗಳ, ನಾಲ್ಕು ದಿನಕ್ಕೆ ಸರಿಹೋಗುತ್ತೆ, ಹೋಗಿ ಮೆಲ್ಲಗೆ ಮಾತಾಡು ಎಂದ. ಅವಳು ಆ ರಾತ್ರಿ ಅಮ್ಮನ ಪಕ್ಕ ಮಲಗಿ, ಮಾರನೆಯ ದಿನ ಗೆಳತಿಯ ಮನೆಗೆ ಹೋದಳು. ಆಮೇಲೆ ಗಂಡನನ್ನೂ ಬಿಟ್ಟಳು, ಒಂದು ಕೋಣೆ ಬಾಡಿಗೆಗೆ ಹಿಡಿದಳು, ಅಪ್ಪನ ಫೋನನ್ನು ಎತ್ತುವುದನ್ನೂ ಬಿಟ್ಟಳು. ಅಪ್ಪನೂ ಬಿಗುಮಾನದಿಂದ ಫೋನ್ ಮಾಡುವುದನ್ನು ನಿಲ್ಲಿಸಿದ. ಇದು ಆಗಿ ಎರಡು ವರ್ಷ ದಾಟಿತ್ತು.

ಈ ನಡುವೆ ಒಂದು ಮಧ್ಯಾಹ್ನ ಆಟ ತೆರೆದು ನೋಡಿದರೆ, ದ್ವೀಪದಲ್ಲಿ ಅವನ ಅರ್ಧ ಕಟ್ಟಿದ ಮನೆಯ ಮುಂದೆ ಯಾರೋ ಹಲಗೆ ತಂದು ಒಟ್ಟಿದ್ದರು. ಮೇಲೆ ಗುಂಗುರು ಎಂಬ ಹೆಸರಿತ್ತು. ಚಿಲಕಣ್ಣ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಬಹಳ ಹೊತ್ತು ಆ ಹಲಗೆಗಳನ್ನೇ ನೋಡಿದ. ಅಂದಿನಿಂದ ಅವರ ಮಾತು ಇಷ್ಟೇ. ಅಪ್ಪ, ಹಲಗೆ ಸಾಕಾ. ಸಾಕು. ದೋಣಿ ಸೋರ್ತಿದೆ. ಬರ್ತೀನಿ ಇರು. ಮನೆಯ ವಿಷಯ, ಗಂಡನ ವಿಷಯ, ಬೀಗದ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ಆ ಎರಡು ಪದಕ್ಕಾಗಿ ಅವನು ದಿನವಿಡೀ ಕಾಯುತ್ತಿದ್ದ. ಹೆಂಡತಿಗೆ ಕೂಡ ಹೇಳಿರಲಿಲ್ಲ, ಹೇಳಿದರೆ ತಾನೇ ಸೋತಂತೆ ಎಂಬ ಹುಚ್ಚು ಹಟ.

ಸ್ಟೂಲಿನ ಮೇಲೆ ಕೂತವನು ಮೊದಲು ಆಟದವರ ಸಹಾಯದ ಪುಟ ಹುಡುಕಿದ. ಅಲ್ಲಿ ಪ್ರಶ್ನೆಗಳ ಸರಮಾಲೆ. ಖಾತೆ ತೆರೆದದ್ದು ಯಾವಾಗ, ಯಾವ ಮೊಬೈಲಿನಲ್ಲಿ, ಮೊದಲ ಗುಟ್ಟಿನ ಪದ ಯಾವುದು, ಆಟದಲ್ಲಿ ಏನಾದರೂ ಕೊಂಡಿದ್ದರೆ ರಸೀದಿ ಎಲ್ಲಿ. ಖಾತೆ ನನ್ನದು ಎಂದರೆ ನಂಬುವುದಿಲ್ಲವೇ ಎಂದು ಅವನಿಗೆ ರೇಗಿತು. ಮನೆಯ ಮುಂದೆ ನಿಂತು ಬೈದ ಆ ಮುದುಕರ ಮುಖ ಕಣ್ಣ ಮುಂದೆ ಬಂದು, ರೇಗಿದ್ದು ಅಷ್ಟೇ ಬೇಗ ಇಳಿಯಿತು. ನೆನಪಿದ್ದಷ್ಟನ್ನು ತುಂಬಿ ಕಳಿಸಿದ. ನಿಮ್ಮ ದೂರು ತಲುಪಿದೆ, ಪರಿಶೀಲಿಸುತ್ತೇವೆ, ತಾಳ್ಮೆಯಿಂದಿರಿ ಎಂದು ಉತ್ತರ ಬಂತು. ತಾಳ್ಮೆ ಎಂಬ ಪದ ಅವನಿಗೆ ಅಂದು ಬೈಗುಳದಂತೆ ಕೇಳಿಸಿತು.

ಕಾಯಲಾರದೆ ಮೊಬೈಲಿನಲ್ಲಿ ಇನ್ನಷ್ಟು ಕೆದಕಿದ. ಕಳೆದುಹೋದ ಆಟದ ಖಾತೆ ಮರಳಿ ಕೊಡಿಸುತ್ತೇವೆ ಎಂಬ ಒಂದು ಜಾಹೀರಾತು ಸಿಕ್ಕಿತು. ಫೋನ್ ಮಾಡಿದರೆ ಬೆಣ್ಣೆಯಂಥ ದನಿಯ ಒಬ್ಬ ಎತ್ತಿಕೊಂಡ. ಪಾಪ ಸಾರ್, ಎಷ್ಟು ನೊಂದಿದ್ದೀರೋ ಎಂದ. ಮೊದಲು ಸ್ವಲ್ಪ ದುಡ್ಡು ಹಾಕಿ, ಸಂಜೆಯೊಳಗೆ ಖಾತೆ ನಿಮ್ಮ ಕೈಯಲ್ಲಿರುತ್ತದೆ ಎಂದ. ಚಿಲಕಣ್ಣ ಆಗಲೇ ಅರ್ಧ ಒಪ್ಪಿಬಿಟ್ಟಿದ್ದ. ಖಾತೆ ನನ್ನದೇ ಎನ್ನುವುದಕ್ಕೆ ಏನು ತೋರಿಸಲಿ ಎಂದು ಮಾತ್ರ ಕೇಳಿದ.

"ಏನೂ ಬೇಡ ಸಾರ್, ನಾವು ಅದನ್ನೆಲ್ಲ ಕೇಳಿ ನಿಮಗೆ ತೊಂದ್ರೆ ಕೊಡಲ್ಲ," ಎಂದಿತು ಬೆಣ್ಣೆಯ ದನಿ.

ಚಿಲಕಣ್ಣ ಫೋನು ಕುಕ್ಕಿದ. ಮನೆ ಯಾರದು ಎಂದು ಕೇಳದೆ ಬಾಗಿಲು ತೆಗೆಯುವ ಕಸುಬಿನವರನ್ನು ಏನೆಂದು ಕರೆಯುತ್ತಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದೇ ಬೆಳಗ್ಗೆ ಎರಡು ಸಲ ಬೀಳುವುದು ಅಷ್ಟರಲ್ಲಿ ತಪ್ಪಿತು.

ಅವನ ಅವಸ್ಥೆಯನ್ನು ಝೆರಾಕ್ಸ್ ಅಂಗಡಿಯವಳು ಆಗಿನಿಂದ ಗಮನಿಸುತ್ತಿದ್ದಳು. ಗಟ್ಟಿಗಿತ್ತಿ, ಬೀದಿಯವರ ಅರ್ಜಿಗಳನ್ನೆಲ್ಲ ಆನ್‌ಲೈನಿನಲ್ಲಿ ತುಂಬಿಕೊಡುವವಳು. ಏನಾಯ್ತು ಚಿಲಕಣ್ಣ, ಮುಖ ಯಾಕೆ ಬಿಳಿಚಿಕೊಂಡಿದೆ ಎಂದು ಬಂದು ನಿಂತಳು. ಅವನು ಹೇಳಬಾರದೆಂದುಕೊಂಡೇ ಎಲ್ಲ ಹೇಳಿಬಿಟ್ಟ, ಮಗಳ ವಿಷಯ ಒಂದು ಬಿಟ್ಟು. ಅವಳು ನಗಲಿಲ್ಲ. ತನ್ನ ಕಂಪ್ಯೂಟರಿನ ಮುಂದೆ ಕೂರಿಸಿ ಅವನ ಮೇಲ್ ತೆರೆಸಿದಳು, ಪುಣ್ಯಕ್ಕೆ ಅದು ಇನ್ನೂ ಕಳ್ಳನ ಕೈಗೆ ಹೋಗಿರಲಿಲ್ಲ. ಅದರ ಗುಟ್ಟಿನ ಪದ ಬದಲಾಯಿಸಿದಳು. ಬೆಳಗ್ಗೆ ಬಂದ ನಂಬರಿನ ಮೆಸೇಜು, ಕ್ಯಾಪ್ಟನ್ನನ ಹೆಸರು, ಗುಟ್ಟಿನ ಪದ ಬದಲಾಗಿದೆ ಎಂದು ಆಟದವರಿಂದ ಬಂದ ಸೂಚನೆ, ಯಾವತ್ತೋ ಕೊಂಡ ದೋಣಿಯ ರಸೀದಿ, ಎಲ್ಲದರ ಚಿತ್ರ ತೆಗೆದು ದೂರಿಗೆ ಸೇರಿಸಿದಳು. ಆಮೇಲೆ ಕುರ್ಚಿ ತಿರುಗಿಸಿ ಅವನ ಕಡೆ ನೋಡಿದಳು.

"ಇದೆಲ್ಲ ಆಯ್ತು. ನಿಮ್ಮ ಜೊತೆ ಆಡೋರಿಗೆ ಹೇಳಿದ್ರಾ? ಇವನು ಕ್ಯಾಪ್ಟನ್ ಹೆಸರಲ್ಲಿ ನಿಮ್ಮನ್ನ ಹಿಡಿದ. ಈಗ ನಿಮ್ಮ ಹೆಸರಲ್ಲಿ ಇನ್ನೊಬ್ಬರನ್ನ ಹಿಡೀತಾನೆ. ನಿಮ್ಮನ್ನ ಯಾರು ಜಾಸ್ತಿ ನಂಬ್ತಾರೋ ಅವರನ್ನೇ."

ಚಿಲಕಣ್ಣನ ಎದೆ ಧಸಕ್ಕೆಂದಿತು. ತನ್ನನ್ನು ಜಾಸ್ತಿ ನಂಬುವವರು ಯಾರೂ ಇಲ್ಲ. ಆದರೆ ಅಪ್ಪ ಎಂದು ಬರೆಯುವವಳು ಒಬ್ಬಳಿದ್ದಾಳೆ, ಆ ಮಾತುಗಳೆಲ್ಲ ಕಳ್ಳನ ಕಣ್ಣ ಮುಂದೆಯೇ ಇವೆ. ಇಷ್ಟು ದಿನ ತಾನು ಅವಳನ್ನು ಏನೊಂದೂ ಕೇಳಿಲ್ಲ. ಮೊದಲ ಸಲ ಅಪ್ಪ ಏನೋ ಕೇಳುತ್ತಿದ್ದಾನೆ ಎಂದುಕೊಂಡು ಅವಳು ಕೊಟ್ಟುಬಿಟ್ಟರೆ? ಅವಳ ಕೀಲಿಯೂ ತಿರುಗದಂತಾದರೆ? ಅಪ್ಪನ ಹೆಸರು ಅಂಟಿದ ಬೀಗದ ಮುಂದೆ ಅವಳು ಎರಡನೆಯ ಸಲ ಹೊರಗೆ ನಿಲ್ಲುತ್ತಾಳೆ. ಒಂದು ಸಲ ಆದದ್ದಕ್ಕೇ ಎರಡು ವರ್ಷದ ಮಾತು ಹೋಯಿತು, ಇನ್ನೊಂದು ಸಲವಾದರೆ ಅವಳು ಜನ್ಮದಲ್ಲಿ ಇತ್ತ ತಿರುಗಿ ನೋಡುವುದಿಲ್ಲ.

ಮಗಳಿಗೆ ಫೋನ್ ಮಾಡಿದ. ರಿಂಗಾಯಿತು, ರಿಂಗಾಗಿ ರಿಂಗಾಗಿ ನಿಂತಿತು. ಎತ್ತುವುದಿಲ್ಲವೆಂದು ಗೊತ್ತಿದ್ದೇ ಮಾಡಿದ್ದು. ಮೆಸೇಜು ಹಾಕೋಣವೆಂದರೆ ಮೆಸೇಜಿನ ಆ್ಯಪಿನಲ್ಲಿ ಅವಳು ಅವನ ನಂಬರನ್ನು ಎಂದೋ ತಡೆಹಿಡಿದಿದ್ದಳು, ಹೋದದ್ದು ತಲುಪಿದ ಗುರುತು ಬರುತ್ತಲೇ ಇರಲಿಲ್ಲ. ಉಳಿದ ದಾರಿ ಒಂದೇ, ಹೆಂಡತಿ. ಅವಳಿಗೆ ಹೇಳಬೇಕೆಂದರೆ ಆಟದ ವಿಷಯ ಹೇಳಬೇಕು, ಹಟ ಹಿಡಿದು ಕೂತವನು ಕದ್ದುಮುಚ್ಚಿ ಮಗಳ ಜೊತೆ ಹಲಗೆ ಹೊರುತ್ತಿದ್ದೆ ಎಂದು ಒಪ್ಪಿಕೊಳ್ಳಬೇಕು. ಹಟವೋ ಮಗಳೋ ಎಂದು ಯೋಚಿಸಲು ಅವನು ಆ ದಿನ ಹೊತ್ತು ತೆಗೆದುಕೊಳ್ಳಲಿಲ್ಲ. ಅಂಗಡಿ ಎಳೆದು ಮನೆಗೆ ಓಡಿದ.

ಹೆಂಡತಿ ಒಗೆದ ಬಟ್ಟೆ ಹಿಂಡುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು, ಪುಡಿ ಝಾಡಿಸಿಕೊಳ್ಳದೆ, ತಡವರಿಸಿ ತಡವರಿಸಿ ಹೇಳಿದ. ಅವಳು ಹಿಂಡುವುದನ್ನು ನಿಲ್ಲಿಸಲಿಲ್ಲ.

"ಆಟದ ವಿಷಯ ಗೊತ್ತು ಕಣ್ರೀ. ಅವಳೇ ಹೇಳಿದ್ಲು. ಅಪ್ಪನಿಗೆ ದೋಣಿ ಕಟ್ಟೋಕೆ ಬರಲ್ಲ, ಬರೀ ಬಾಗಿಲು ಚೆನ್ನಾಗಿ ಮಾಡ್ತಾರೆ ಅಂತ."

ಬೇರೆ ದಿನವಾಗಿದ್ದರೆ ಅವನಿಗೆ ಅವಮಾನವೋ ಸಂತೋಷವೋ ಆಗಬೇಕಿತ್ತು. ಅಂದು ಎರಡಕ್ಕೂ ಪುರುಸೊತ್ತಿರಲಿಲ್ಲ. ಮೊದಲು ಫೋನ್ ಮಾಡು ಮಾರಾಯ್ತಿ ಎಂದ. ಅವಳು ಕೈ ಒರೆಸಿಕೊಂಡು ಮಾಡಿದಳು. ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ಅವಳು ಫೋನನ್ನು ಸದ್ದಿಲ್ಲದೆ ಇಟ್ಟಿರುತ್ತಾಳೆ, ಮಧ್ಯೆ ಮಧ್ಯೆ ಮಾತ್ರ ನೋಡುತ್ತಾಳೆ ಎಂದಳು ಹೆಂಡತಿ. ಮಧ್ಯೆ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ಕಳ್ಳನ ಮಾತಾದರೆ ಎಂದು ಅವನು ಕೇಳಿದ. ನಾನೂ ಬರಲಾ ಎಂದಳು. ಬೇಡ ಎಂದು, ಮಗಳು ಕೆಲಸ ಮಾಡುವ ಅಂಗಡಿಗೆ ಅವನೇ ಹೊರಟ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಾಗ ಮೇಲ್ ಬಂತು. ಆಟದವರದೇ. ನಿಮ್ಮ ಖಾತೆಯ ವಿರುದ್ಧ ಒಬ್ಬ ಆಟಗಾರರು ಮೋಸದ ದೂರು ಕೊಟ್ಟಿದ್ದಾರೆ, ಸದ್ಯಕ್ಕೆ ಖಾತೆಯನ್ನು ತಡೆಹಿಡಿದಿದ್ದೇವೆ ಎಂದಿತ್ತು. ಕಳ್ಳ ಹೊರಗೆ ಬಿದ್ದ ಎಂದು ಸಮಾಧಾನಪಡಬೇಕಾದ ಸುದ್ದಿ ಅದು. ಚಿಲಕಣ್ಣ ಓದಿದ್ದು ಬೇರೆ ರೀತಿ. ದೂರು ಕೊಟ್ಟಿದ್ದಾರೆ ಎಂದರೆ ಮೋಸ ಆಗಿಹೋಗಿದೆ. ಯಾರಿಗೆ ಆಗಿದೆ? ಇನ್ಯಾರಿಗೆ. ಎದುರಿನ ಸೀಟಿನವರು ನೀರು ಬೇಕಾ ಎಂದು ಕೇಳಿದರು. ಅವನು ಬೇಡವೆಂದು ತಲೆಯಾಡಿಸಿ, ಇಳಿಯಬೇಕಾದಲ್ಲಿ ಇಳಿಯುವುದನ್ನು ಮರೆತು, ಮುಂದಿನ ನಿಲ್ದಾಣದಿಂದ ಹಿಂದಕ್ಕೆ ನಡೆದ.

ಮಗಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಹಿಂದಿನ ಕೋಣೆಯಲ್ಲಿ ಕೂತು ಗಾಜುಗಳನ್ನು ಚೌಕಟ್ಟಿಗೆ ಕೂರುವಂತೆ ಮಷೀನಿನಲ್ಲಿ ಅಂಚು ಉಜ್ಜುವ ಕೆಲಸ. ಅಪ್ಪ ಆ ಅಂಗಡಿಗೆ ಕಾಲಿಟ್ಟದ್ದು ಅದೇ ಮೊದಲು. ಬೆವರಿ, ಕಣ್ಣು ಕೆಂಪಾಗಿ, ಹುಬ್ಬಿನಲ್ಲಿ ಹಿತ್ತಾಳೆ ಮಿನುಗಿಸಿಕೊಂಡು ಬಂದವನನ್ನು ನೋಡಿ ಕೌಂಟರಿನ ಹೆಂಗಸು ಕಣ್ಣಿಗೇನೋ ಬಿದ್ದಿದೆ ಎಂದುಕೊಂಡು, ಅಕ್ಷರ ಓದಿಸುವ ಹಲಗೆಯ ಎದುರು ಬೆಂಚಿನ ಮೇಲೆ ಕೂರಿಸಿದಳು. ಕಣ್ಣಲ್ಲ, ಒಳಗಿರುವವಳ ಅಪ್ಪ ನಾನು ಎಂದು ಅವನು ಹೇಳುವಷ್ಟರಲ್ಲಿ, ಅವನ ದನಿ ಕೇಳಿ ಮಗಳೇ ಪರದೆ ಸರಿಸಿ ಹೊರಗೆ ಬಂದಳು. ಏಪ್ರನ್ನಿನ ಮೇಲೆಲ್ಲ ಗಾಜಿನ ಬಿಳಿ ಪುಡಿ. ಸ್ವಲ್ಪ ಸೊರಗಿದ್ದಳು.

ಎರಡು ವರ್ಷದ ಮೇಲೆ ಮಗಳ ಮುಖ ನೋಡಿದ ಅಪ್ಪ ಹೇಗಿದ್ದೀಯ ಎಂದು ಕೇಳಬೇಕು.

"ಯಾವ ನಂಬರನ್ನೂ ಕಳಿಸಬೇಡ," ಎಂದ ಚಿಲಕಣ್ಣ.

"ಕಳಿಸಿಲ್ಲ," ಎಂದಳು ಅವಳು. ಬಂದು ಬೆಂಚಿನ ಆ ತುದಿಯಲ್ಲಿ ಕೂತಳು. ಏಪ್ರನ್ನಿನ ಪುಡಿ ಕೊಡವಿಕೊಂಡು, "ಕಳಿಸೋದ್ರಲ್ಲಿದ್ದೆ," ಎಂದಳು.

ದೂರು ಕೊಟ್ಟವಳು ಅವಳೇ. ಮೋಸ ಹೋಗಿ ಕೊಟ್ಟದ್ದಲ್ಲ, ಹೋಗುವ ಮುಂಚೆ ಕೊಟ್ಟದ್ದು. ಅಷ್ಟು ಕೇಳಿ ಚಿಲಕಣ್ಣನ ಉಸಿರು ಸಲೀಸಾಯಿತು. ಆದರೆ ಅವಳ ಮುಖ ಸಲೀಸಾಗಿರಲಿಲ್ಲ. ಏಪ್ರನ್ನಿನ ಜೇಬಿನಿಂದ ಮೊಬೈಲು ತೆಗೆದು ಅವನ ಮುಂದೆ ಹಿಡಿದಳು. ಅವನ ಹೆಸರಿನಲ್ಲಿ ಬಂದ ಮಾತುಗಳು ಅಲ್ಲಿದ್ದವು. ಮಗಳೇ, ಒಂದು ಸಹಾಯ ಮಾಡು, ಸಂಜೆಯೊಳಗೆ ನನ್ನ ಖಾತೆ ಮುಚ್ಚಿಹೋಗುತ್ತದೆ, ನಿನಗೆ ಬರುವ ನಂಬರು ಕಳಿಸು. ಅದಕ್ಕೆ ಅವಳು ಬರೆದಿದ್ದಳು, ನಿಮ್ಮನ್ನ ನಂಬಿ ನಾನು ಮತ್ತೆ ಬೀದೀಲಿ ನಿಲ್ಲಬೇಕಾ. ದ್ವೀಪದಲ್ಲಿ ಅದುವರೆಗೆ ಇಬ್ಬರೂ ಎತ್ತದ ಮಾತನ್ನು ಅವಳು ಎತ್ತಿದ್ದಳು, ಎತ್ತಿದ್ದು ಕಳ್ಳನ ಹತ್ತಿರ. ಕಳ್ಳ ಚುರುಕಿನವನು, ಎಳೆ ಸಿಕ್ಕ ಕೂಡಲೇ ಹಿಡಿದುಕೊಂಡಿದ್ದ. ಹಿಂದೆ ಆದದ್ದಕ್ಕೆಲ್ಲ ನನ್ನನ್ನು ಕ್ಷಮಿಸು ಮಗಳೇ, ತಪ್ಪು ನನ್ನದೇ, ನಾನು ನಿನಗೆ ಅನ್ಯಾಯ ಮಾಡಿದೆ.

ಚಿಲಕಣ್ಣ ಅದನ್ನು ಓದಿದ. ಎರಡನೆಯ ಸಲ ಓದಲು ಧೈರ್ಯ ಬರಲಿಲ್ಲ.

"ಇದನ್ನ ಓದಿ ಒಳಗೆ ಹೋಗಿ ಅತ್ತೆ," ಎಂದಳು ಮಗಳು. "ಯಾರಿಗೂ ಕೇಳಿಸಬಾರದು ಅಂತ ಮಷೀನ್ ಹಾಕ್ಕೊಂಡು ಅತ್ತೆ. ಆಮೇಲೆ ನಂಬರು ಬರೆದೆ. ಕಳಿಸೋ ಮುಂಚೆ ಇನ್ನೊಂದ್ಸಲ ಓದೋಣ ಅನ್ನಿಸ್ತು, ಅಷ್ಟು ಚೆನ್ನಾಗಿತ್ತು ಅದು. ಓದ್ತಾ ಓದ್ತಾ ಗೊತ್ತಾಯ್ತು. ಇದು ನಮ್ಮಪ್ಪ ಅಲ್ಲ. ನಮ್ಮಪ್ಪ ಈ ಮಾತು ಹೇಳಲ್ಲ."

ಅವಳು ಅದನ್ನು ಚುಚ್ಚಲೆಂದು ಹೇಳಲಿಲ್ಲ. ಚುಚ್ಚಿದ್ದರೆ ಅವನು ತಿರುಗಿ ಏನಾದರೂ ಹೇಳುತ್ತಿದ್ದ. ಹೇಗೆ ಗೊತ್ತಾಯಿತು ಎಂದು ವಿವರಿಸುವವಳಂತೆ ಹೇಳಿದಳು, ಅದಕ್ಕೇ ಅವನಿಗೆ ತಡೆಯಲಾಗಲಿಲ್ಲ. ಮಗಳು ಮೋಸದಿಂದ ಉಳಿದುಕೊಂಡದ್ದು ಅಪ್ಪ ಒಳ್ಳೆಯವನೆಂದಲ್ಲ. ಅಪ್ಪನ ಬಾಯಿಂದ ಅಂಥ ಮಾತು ಬರಲಾರದು ಎಂಬ ಗಟ್ಟಿ ನಂಬಿಕೆಯಿಂದ. ನಾಚಿಕೆ ಎಂದರೆ ಏನೆಂದು ಆ ಮನುಷ್ಯನಿಗೆ ಆ ಬೆಂಚಿನ ಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಅವನ ಮೊಬೈಲಿಗೆ ಇನ್ನೊಂದು ಮೇಲ್ ಬಂತು. ಎರಡೂ ದೂರುಗಳು ತಾಳೆಯಾಗಿವೆ, ಇಂದು ನಿಮ್ಮ ಖಾತೆಯಿಂದ ಹೋದ ಮಾತುಗಳು ಕೆಳಗಿವೆ, ನೀವು ಬರೆಯದವುಗಳಿಗೆ ಗುರುತು ಹಾಕಿ ಕಳಿಸಿ, ಅವನ್ನು ಅಳಿಸಿ ಖಾತೆ ಮರಳಿಸುತ್ತೇವೆ ಎಂದಿತ್ತು. ಪಟ್ಟಿಯ ಅಕ್ಷರ ತೀರ ಸಣ್ಣದು, ಅವನ ಕನ್ನಡಕ ಬೀಗದಂಗಡಿಯಲ್ಲೇ ಉಳಿದಿತ್ತು. ಕೊಡಿ ಇಲ್ಲಿ ಎಂದು ಮಗಳು ತೆಗೆದುಕೊಂಡಳು. ಕ್ಯಾಪ್ಟನ್ನನಿಗೆ ಕಳಿಸಿದ ನಂಬರೊಂದು ಮಾತ್ರ ಅವನದು. ಉಳಿದವಕ್ಕೆ ಒಂದೊಂದಾಗಿ ಗುರುತು ಹಾಕುತ್ತ ಬಂದವಳು ಕ್ಷಮಿಸು ಎಂಬ ಆ ಸಾಲಿನ ಹತ್ತಿರ ನಿಂತಳು.

"ಇದೂ ನಿಮ್ಮದಲ್ಲ ತಾನೇ?"

ಬಿಡು, ಅದೊಂದು ಇರಲಿ ಎನ್ನಬಹುದಿತ್ತು. ತಾನು ಹೇಳಲಾರದೆ ಎರಡು ವರ್ಷ ನುಂಗಿಕೊಂಡ ಮಾತು ತನ್ನ ಹೆಸರಿನಲ್ಲಿ, ಚೊಕ್ಕ ಅಕ್ಷರಗಳಲ್ಲಿ, ಪುಕ್ಕಟೆ ಸಿಕ್ಕಿತ್ತು. ಅವಳ ಬೆರಳು ಕೂಡ, ಇರಲಿ ಎನ್ನುತ್ತಾನೇನೋ ಎಂದು ಕಾಯುತ್ತಿದ್ದಂತಿತ್ತು. ಚಿಲಕಣ್ಣ ಆ ಸಾಲಿನ ಮೇಲೆ ಬೆರಳಿಟ್ಟ.

"ಅದೂ ನಂದಲ್ಲ. ಗುರುತು ಹಾಕು."

ಅವಳು ತಲೆ ತಗ್ಗಿಸಿ ಹಾಕಿದಳು. ಅವನು ಎದುರಿನ ಹಲಗೆಯ ಅಕ್ಷರಗಳನ್ನು ನೋಡುತ್ತ, ಯಾರೋ ಹಿಡಿದು ಮಾತಾಡಿಸುತ್ತಿರುವವನಂತೆ ತಡೆದು ತಡೆದು ಹೇಳಿದ.

"ಅವತ್ತು ಬೀಗ ಹಾಕೋ ಮುಂಚೆ ನಿನಗೊಂದು ಫೋನ್ ಮಾಡಬೇಕಾಗಿತ್ತು. ಊರವರನ್ನೆಲ್ಲ ಕೇಳ್ತೀನಿ, ನಿನ್ನನ್ನ ಕೇಳ್ಲಿಲ್ಲ. ಕೀಲಿ ತಗೊಂಡೋಗಿ ಅವನ ಕೈಗೆ ಕೊಟ್ಟೆ. ನೀನು ಮನೆಗೆ ಬಂದಾಗಲಾದ್ರೂ... ಆವಾಗ್ಲೂ ಅವನ ಪರ ಮಾತಾಡ್ದೆ. ಅದು ನಾನೇ ಮಾಡಿದ್ದು. ಕಳ್ಳ ಅಲ್ಲ."

ಇನ್ನೇನೋ ಹೇಳಲು ಹೋಗಿ, ಆಗದೆ, ಕರವಸ್ತ್ರ ಹುಡುಕಿದ. ಜೇಬಿನಲ್ಲಿ ಕೀಲಿಗಳಷ್ಟೇ ಇದ್ದವು. ಮಗಳು ಮೊಬೈಲನ್ನು ಬೆಂಚಿನ ಮೇಲಿಟ್ಟು, ಅವನ ಕಡೆ ತಿರುಗಿ, ಅವನ ಮುಖ ನೋಡಿದಳು.

"ಹ್ಞೂಂ," ಎಂದಳು. "ಇದು ನಮ್ಮಪ್ಪ ಮಾತಾಡೋ ಥರ ಇದೆ."

ಆಮೇಲೆ ಕೌಂಟರಿನವರು ನೋಡುತ್ತಿದ್ದಾರೆ ಎಂಬುದನ್ನು ಲೆಕ್ಕಿಸದೆ, ಒಳಗಿನ ಕೋಣೆಗೂ ಹೋಗದೆ, ಅಲ್ಲೇ ಅವನ ಪಕ್ಕ ಕೂತು ಗಟ್ಟಿಯಾಗಿ ಅತ್ತಳು.